ಕಾಫಿ ಕುಡಿಯಿರಿ ಎಂದ ರಾಯಭಾರಿ

ಸಿದ್ರೆ ಕಣಿವೆಯಲ್ಲಿ ಫ್ರೇಜ್‌ನನ್ನು ಯಾರೂ ಅವನ ಹೆಸರಿನಿಂದ ಕರೆಯುತ್ತಿರಲಿಲ್ಲ. ಸ್ವೇಲಿಮನ ಅಪ್ಪ ಎಂಬರ್ಥದಲ್ಲಿ ಅಬು ಸ್ವೇಲಿಮ್ ಎನ್ನುತ್ತಿದ್ದರು. ಆ ಸ್ವೇಲಿಮ್ ಹಲ್ಲು ಬರುವ ಮೊದಲೇ ಜ್ವರದಲ್ಲಿ ತೀರಿಕೊಂಡಿದ್ದ. ಕೂಸು ಹೋದರೂ ಅದರ ಹೆಸರು ಅಪ್ಪನ ಮೇಲೆ ಉಳಿದುಕೊಂಡಿತು. ಆಮೇಲೆ ಹುಟ್ಟಿದ ಹೆಣ್ಣುಮಕ್ಕಳು ಮದುವೆಯಾಗಿ ಬೇರೆ ಬೇರೆ ಕಣಿವೆಗಳಿಗೆ ಹೋದರು. ಸಿದ್ರೆಯಲ್ಲಿ ಉಳಿದದ್ದು ಅವನು, ಹೆಂಡತಿ ಹಸ್ನಾ, ತಮ್ಮ ಔದೆ ಮತ್ತು ಅವನ ಸಂಸಾರ, ಸುತ್ತ ದಾಯಾದಿಗಳ ತಗಡಿನ ಮನೆಗಳು, ಕುರಿಹಟ್ಟಿಗಳು.

ಫ್ರೇಜ್ ಕುರಿ ಕಾಯುವವನು. ಮುಂಗೋಪಿ, ಮಾತು ಒರಟು. ಆದರೂ ಜೆರಿಕೋದಿಂದ ಮೇಲಿನ ಬೆಟ್ಟಗಳವರೆಗೆ ಎಲ್ಲೇ ರಕ್ತ ಬಿದ್ದರೂ, ಎಲ್ಲೇ ಹೆಣ್ಣು ಕೇಳಲು ಹೋಗಬೇಕಾದರೂ ಹಿರಿಯರು ಮೊದಲು ಅವನ ಡೇರೆಗೆ ಬರುತ್ತಿದ್ದರು. ಕೇಳಲು ಹೋದವರು ಎದುರಿನವರ ಡೇರೆಯಲ್ಲಿ ಸಾಲಾಗಿ ಕೂರುತ್ತಾರೆ. ಕಹಿ ಕಾಫಿ ಬರುತ್ತದೆ. ಗುಂಪಿನ ಮುಂದಾಳು ಬಟ್ಟಲನ್ನು ತೆಗೆದುಕೊಂಡು, ತುಟಿಗೆ ತಾಗಿಸದೆ, ಮುಂದೆ ನೆಲದ ಮೇಲೆ ಇಡುತ್ತಾನೆ. ಇಟ್ಟನೆಂದರೆ ಕೇಳಲು ಬಂದಿದ್ದಾನೆ ಎಂದೇ ಅರ್ಥ. ಮನೆಯ ಯಜಮಾನ ಬಾಯಿ ಬಿಟ್ಟು "ಕಾಫಿ ಕುಡಿ" ಎಂದರೆ ಕೇಳಿದ್ದನ್ನು ಕೊಟ್ಟ ಹಾಗೆ. ಅಲ್ಲಿಗೆ ಮುಗಿಯಿತು. ಆಮೇಲೆ ಆ ಮಾತು ತಪ್ಪಿದವನಿಗೆ ಹೆಣ್ಣು ಕೊಡುವವರಿಲ್ಲ, ಅವನ ಸಾವಿಗೆ ಮಣ್ಣು ಹಾಕಲು ಬರುವವರಿಲ್ಲ.

ಫ್ರೇಜ್ ಬಟ್ಟಲು ಇಟ್ಟರೆ ಎತ್ತಿಸದೆ ಬಿಟ್ಟವರಿಲ್ಲ ಎಂಬ ಮಾತಿತ್ತು. ಒಮ್ಮೆ ಲಾರಿಯೊಂದು ಮಗುವಿನ ಮೇಲೆ ಹರಿದಿತ್ತು. ಓಡಿಸುತ್ತಿದ್ದವನ ಕಡೆಯಿಂದ ಫ್ರೇಜ್ ಹೋಗಿ ಕುಳಿತ. ಮಗುವಿನ ಅಪ್ಪ ಮಾತಾಡಲಿಲ್ಲ. ಬಿಸಿಲು ಡೇರೆಯ ಒಂದು ಬದಿಯಿಂದ ಇನ್ನೊಂದು ಬದಿಗೆ ಸರಿಯಿತು. ಯಾರೂ ಏಳಲಿಲ್ಲ, ನೀರು ಕೇಳಲಿಲ್ಲ. ಕೊನೆಗೆ ಅವನು ಮುಖಕ್ಕೆ ರುಮಾಲು ಮುಚ್ಚಿಕೊಂಡು, "ಕುಡಿ, ಅಬು ಸ್ವೇಲಿಮ್. ಅವನು ಇನ್ಮೇಲೆ ನನ್ನ ಮುಖದಲ್ಲಿದ್ದಾನೆ" ಎಂದ. ನನ್ನ ಮುಖದಲ್ಲಿದ್ದಾನೆ ಎಂದರೆ, ಅವನನ್ನು ಮುಟ್ಟಿದವನು ನನ್ನ ಮುಖ ಕೊಯ್ದ ಹಾಗೆ ಎಂದರ್ಥ. ಲಾರಿಯವನು ಇಂದಿಗೂ ಅದೇ ದಾರಿಯಲ್ಲಿ ಓಡಾಡುತ್ತಾನೆ. ಒಂದು ಕಲ್ಲು ಬಿದ್ದಿಲ್ಲ.

ಇಂಥ ಮನುಷ್ಯನ ಕಣಿವೆಯ ಮೇಲಿನ ದಿಬ್ಬಕ್ಕೆ ಒಂದು ಚಳಿಗಾಲದಲ್ಲಿ ಯಹೂದಿ ವಸಾಹತಿನ ಕೆಲವರು ಬಂದು ಡೇರೆ ಹಾಕಿದರು. ಮೊದಲು ಒಂದು ಬಾವುಟ, ಆಮೇಲೆ ಒಂದು ಜನರೇಟರ್, ಆಮೇಲೆ ಕುರಿ. ಆ ಕುರಿಗಳಿಗೆ ಸಿದ್ರೆಯವರ ಜವೆಗೋಧಿಯೇ ಬೇಕಾಯಿತು. ಬುಗ್ಗೆಗೆ ಬೇಲಿ ಬಿತ್ತು. ನೀರಿನ ಟ್ಯಾಂಕಿಗೆ ತೂತು ಬಿತ್ತು. ಪೊಲೀಸರಿಗೆ ದೂರು ಕೊಡಲು ಹೋದ ಔದೆಯನ್ನು ಗೇಟಿನ ಹೊರಗೆ ಬಿಸಿಲಲ್ಲಿ ಕೂರಿಸಿ, ಸಂಜೆ, ನಾಳೆ ಬಾ ಎಂದರು. ನಾಳೆಯೂ ಹಾಗೇ ಆಯಿತು.

ಸಿದ್ರೆಯವರ ಕಾವಲಿಗೆಂದು ತಾನಾಗಿಯೇ ಬಂದು ಇರುತ್ತಿದ್ದವನು ಗಿದೋನ್ ಒಬ್ಬನೇ. ಹೈಫಾದ ಯಹೂದಿ, ಬಸ್ ಓಡಿಸಿ ನಿವೃತ್ತನಾದವನು. ಬಾಗ್ದಾದಿನ ಅಜ್ಜಿಯಿಂದ ಕಲಿತ ಅವನ ಅರಬ್ಬಿ ಕೇಳಿ ಹೆಂಗಸರು ನಗುತ್ತಿದ್ದರು. ತನ್ನವರ ಕೈಯಲ್ಲೇ ಒದೆ ತಿಂದು, ಮಾರನೆಯ ವಾರ ಮತ್ತೆ ಹಾಸಿಗೆ ಸುತ್ತಿಕೊಂಡು ಬರುತ್ತಿದ್ದ.

ಔದೆಯ ಭಾವಮೈದ ಹಮ್ಮಾದನಿಗೆ ಪಟ್ಟಣದ ಅಂಚಿನಲ್ಲಿ ಒಂದು ತುಂಡು ಜಾಗವಿತ್ತು. ಬಾವಿಯೂ ಇತ್ತು. ಬರುವುದಾದರೆ ಬನ್ನಿ, ಮಳೆಗೆ ಮೊದಲು ಹೇಳಿ, ಇಲ್ಲದಿದ್ದರೆ ಕೇಳುವವರು ಬೇರೆ ಇದ್ದಾರೆ ಎಂದು ಅವನು ಹೇಳಿ ಕಳಿಸಿದ್ದ.

"ಹೋಗೋಣ ಅಣ್ಣ," ಎಂದ ಔದೆ. "ಇವತ್ತು ಟ್ಯಾಂಕಿಗೆ ತೂತು. ನಾಳೆ ನಮಗೆ."

"ಅಪ್ಪನ್ನ ನೆಗೆವ್‌ನಿಂದ ಓಡಿಸಿದ್ರು. ನಮ್ಮನ್ನ ಆ ಕಡೆ ಬೆಟ್ಟದಿಂದ ಓಡಿಸಿದ್ರು. ಇಲ್ಲಿಂದಲೂ ಓಡಿದ್ರೆ ನಿಲ್ಲೋದೆಲ್ಲೋ? ಹಮ್ಮಾದನ ಕಕ್ಕಸಿನ ಹಿಂದೆ?"

"ಕಕ್ಕಸಿನ ಹಿಂದೆ ಇದ್ರೂ ಜೀವ ಇರುತ್ತಲ್ಲ."

"ಮಂಗಳವಾರ ರಾಯಭಾರಿಗಳು ಬರ್ತಾರಂತೆ. ಗಿದೋನ್ ಹೇಳ್ದ. ಅಲ್ಲಿವರೆಗೂ ಬಾಯಿ ಮುಚ್ಕೊಂಡಿರು."

"ಹೋದ ಸಲ ಬಂದವರು ಏನ್ ಕೊಟ್ರು? ಮಕ್ಕಳಿಗೆ ಬಣ್ಣದ ಪೆನ್ಸಿಲ್."

"ಹೋದ ಸಲ ನಾನು ಅವರನ್ನ ಏನೂ ಕೇಳಲಿಲ್ಲ," ಎಂದ ಫ್ರೇಜ್.

ಮಂಗಳವಾರ ಬಿಳಿ ಕಾರುಗಳು ಬಂದವು. ಮೂತಿಯ ಮೇಲೆ ಪುಟ್ಟ ಪುಟ್ಟ ಬಾವುಟ. ಇಳಿದವರಲ್ಲಿ ಎತ್ತರದವನೊಬ್ಬ ಎಲ್ಲರ ಪರವಾಗಿ ಮಾತಾಡುವವನು. ಉತ್ತರದ ಯಾವುದೋ ತಣ್ಣನೆಯ ದೇಶದವನು. ಮೂಗು ಬಿಸಿಲಿಗೆ ಸುಲಿದು ಕೆಂಪಾಗಿತ್ತು. ಪಕ್ಕದಲ್ಲಿ ಅವನ ಮಾತನ್ನು ಅರಬ್ಬಿಗೆ ತಿರುಗಿಸಲು ಲುಬ್ನಾ ಎಂಬ ಹುಡುಗಿ, ರಾಮಲ್ಲಾದವಳು. ತೂತು ಬಿದ್ದ ಟ್ಯಾಂಕ್ ನೋಡಿದರು, ಬೇಲಿ ನೋಡಿದರು, ಫೋಟೊ ತೆಗೆದರು. ದಿಬ್ಬದ ಮೇಲೆ ನಿಂತಿದ್ದವರೂ ಇವರ ಫೋಟೊ ತೆಗೆದರು.

ಡೇರೆಯೊಳಗೆ ಮೊದಲ ಸುತ್ತಿನ ಕಾಫಿ ಬಂತು. ಸಾಕು ಎನ್ನಬೇಕಾದರೆ ಬಟ್ಟಲನ್ನು ಅಲ್ಲಾಡಿಸಿ ಕೊಡಬೇಕು. ರಾಯಭಾರಿ ಅಲ್ಲಾಡಿಸದೆ ಚಾಚಿದ. ಔದೆ ಮತ್ತೆ ಸುರಿದ. ಅವನು ಮರ್ಯಾದೆಗೆ ಕುಡಿದ, ಮತ್ತೆ ಚಾಚಿದ. ಔದೆ ಮತ್ತೆ ಸುರಿದ.

"ಇವನಿಗೆ ಇವತ್ತು ನಿದ್ದೆ ಇಲ್ಲ ಬಿಡು," ಎಂದು ಹಸ್ನಾ ಪರದೆಯ ಹಿಂದಿನಿಂದ ಅಂದಳು. ಗಂಡಸರು ಮೀಸೆಯೊಳಗೇ ನಕ್ಕರು. ಕೊನೆಗೆ ಅವನು ಬಟ್ಟಲಿನ ಮೇಲೆ ಅಂಗೈ ಮುಚ್ಚಿದ.

ರೀತಿ ಗೊತ್ತಿಲ್ಲದವನು ಎಂದು ಫ್ರೇಜ್‌ಗೆ ಅಲ್ಲೇ ಅನಿಸಬೇಕಿತ್ತು. ಅನಿಸಲಿಲ್ಲ. ಬಟ್ಟಲು ಅಲ್ಲಾಡಿಸುವುದು ಗೊತ್ತಿಲ್ಲದಿದ್ದರೇನು, ದೇಶ ಆಳುವವರ ಮಾತು ಹೊತ್ತು ಊರೂರು ತಿರುಗುವವನಿಗೆ ಕೇಳುವುದು ಕೊಡುವುದು ಗೊತ್ತಿಲ್ಲದೆ ಇರುತ್ತದೆಯೇ? ತಾನು ಡೇರೆ ಡೇರೆ ತಿರುಗಿ ಮಾಡುವ ಕೆಲಸವನ್ನೇ ಇವನು ದೇಶ ದೇಶ ತಿರುಗಿ ಮಾಡುತ್ತಾನೆ. ಇಬ್ಬರದೂ ಒಂದೇ ಕಸುಬು. ಅವನು ಅಂದುಕೊಂಡದ್ದು ಅಷ್ಟೆ.

ಇನ್ನೊಂದು ತೊಡಕೂ ಇತ್ತು. ಡೇರೆ ಫ್ರೇಜ್‌ನದು, ಕಾಫಿಯೂ ಅವನದೇ. ಕೇಳುವವನು ಬಟ್ಟಲು ಇಡಬೇಕಾದದ್ದು ಪರರ ಮನೆಯಲ್ಲಿ. ಅದಕ್ಕೇ ಅವನು ಬೆಳಿಗ್ಗೆಯೇ ಯೋಚಿಸಿಟ್ಟಿದ್ದ. ಎದ್ದು, ಯಜಮಾನನ ಜಾಗದ ದಿಂಬನ್ನು ಕೈಯಿಂದ ಒರೆಸಿ, ರಾಯಭಾರಿಯನ್ನು ಅಲ್ಲಿ ಕೂರಿಸಿದ. ತಾನು ಬಾಗಿಲ ಕಡೆ, ಅತಿಥಿಯ ಜಾಗದಲ್ಲಿ ಕುಳಿತ. ಆಗಲೇ ಡೇರೆಯ ಗಂಡಸರಿಗೆ ಅರ್ಥವಾಯಿತು.

ಔದೆ ಬಟ್ಟಲು ಕೊಟ್ಟ. ಫ್ರೇಜ್ ಅದನ್ನು ತೆಗೆದುಕೊಂಡು ತನ್ನ ಮುಂದೆ ಚಾಪೆಯ ಮೇಲೆ ಇಟ್ಟ.

"ಮಗಳೇ, ಅವರಿಗೆ ಹೇಳು," ಎಂದ ಲುಬ್ನಾಳಿಗೆ. "ನಾವು ಇಲ್ಲೇ ಇರಬೇಕು. ನಮ್ಮ ಜೀವ, ನಮ್ಮ ಕುರಿ, ನಮ್ಮ ನೀರು, ಇವರ ಮುಖದಲ್ಲಿ ಇರಬೇಕು. ಬೇರೆ ಏನೂ ಬೇಡ. ಪೆನ್ಸಿಲ್ ಬೇಡ."

ಲುಬ್ನಾ ಹೇಳಿದಳು. ಮುಖ ಎಂಬ ಮಾತಿನ ಬದಲು ರಕ್ಷಣೆ ಎಂದಳು. ರಾಯಭಾರಿ ಗಂಭೀರವಾಗಿ ಕೇಳಿದ. ಎದೆಯ ಮೇಲೆ ಕೈ ಇಟ್ಟು ತುಂಬ ಹೊತ್ತು ಮಾತಾಡಿದ: ನಾಗರಿಕರನ್ನು ಕಾಯುವುದು ಸೈನ್ಯದ ಬಲದಿಂದ ನೆಲ ಹಿಡಿದವರ ಹೊಣೆ, ಕಾನೂನು ಸ್ಪಷ್ಟವಾಗಿದೆ, ನಾವು ಒತ್ತಾಯಿಸುತ್ತಲೇ ಇರುತ್ತೇವೆ, ನಿಮ್ಮ ಧೈರ್ಯ ದೊಡ್ಡದು. ಫ್ರೇಜ್ ಅದನ್ನೆಲ್ಲ ಬಿಸಿಲು ಸರಿಯುವುದನ್ನು ನೋಡುವ ಹಾಗೆ ನೋಡುತ್ತ ಕುಳಿತಿದ್ದ. ಮುನ್ನುಡಿ ಎಷ್ಟು ಉದ್ದವಿದ್ದರೂ ಅವನಿಗೆ ಬೇಸರವಿರಲಿಲ್ಲ. ಕಾಯುತ್ತಿದ್ದದ್ದು ಒಂದೇ ಮಾತಿಗೆ.

ರಾಯಭಾರಿಗೆ ಮಾತು ಮುಗಿಯಿತು. ಸುತ್ತ ನೋಡಿದ. ಎಲ್ಲರೂ ತನ್ನನ್ನೇ ನೋಡುತ್ತಿದ್ದಾರೆ, ಯಾರೂ ಉಸಿರೆತ್ತುತ್ತಿಲ್ಲ. ಕಣ್ಣು ಚಾಪೆಯ ಮೇಲಿನ ಬಟ್ಟಲಿಗೆ ಹೋಯಿತು. ಲುಬ್ನಾಳ ಕಡೆ ಬಾಗಿ ಮೆಲ್ಲಗೆ ಏನೋ ಅಂದ.

ಲುಬ್ನಾ ತುಸು ತಡೆದಳು. ಆಮೇಲೆ ಅರಬ್ಬಿಯಲ್ಲಿ ಹೇಳಿದಳು: "ಕಾಫಿ ಕುಡೀರಿ ಅಂತಿದ್ದಾರೆ."

"ಅವರ ಬಾಯಿಂದಲೇ ಬಂತಾ?"

"ಹೂಂ. ಅವರೇ ಅಂದಿದ್ದು."

ಫ್ರೇಜ್ ಬಟ್ಟಲು ಎತ್ತಿ ಒಂದೇ ಗುಟುಕಿಗೆ ಕುಡಿದ. ಡೇರೆ ತುಂಬ ಜನ ಒಟ್ಟಿಗೆ ಉಸಿರು ಬಿಟ್ಟರು. ಪರದೆಯ ಹಿಂದೆ ಹಸ್ನಾ ನಾಲಿಗೆ ಹೊರಳಿಸಿ ಮದುವೆಮನೆಯ ಉಲಿ ಹಾಕಿದಳು. ಉಳಿದ ಹೆಂಗಸರೂ ಸೇರಿಕೊಂಡರು. ಇದು ಬೀಳ್ಕೊಡುವ ಪದ್ಧತಿ ಇರಬೇಕೆಂದು ರಾಯಭಾರಿಗಳು ಮುಗುಳ್ನಕ್ಕು ಚಪ್ಪಾಳೆ ತಟ್ಟಿದರು. ಅವರಲ್ಲೊಬ್ಬಳು ಫೋನಿನಲ್ಲಿ ವಿಡಿಯೊ ತೆಗೆದುಕೊಂಡಳು.

ಔದೆ ಕಣ್ಣಾರೆ ಕಂಡಿದ್ದ, ಕಿವಿಯಾರೆ ಕೇಳಿದ್ದ. ಅವನೇ ಹಮ್ಮಾದನಿಗೆ ಫೋನ್ ಮಾಡಿ, ಜಾಗ ಬೇರೆಯವರಿಗೆ ಕೊಡು, ನಾವು ಬರೋದಿಲ್ಲ ಎಂದ.

ವಾರ ಕಳೆಯುವುದರೊಳಗೆ ರಾಯಭಾರಿಗಳ ಹೇಳಿಕೆ ಫೋನಿಗೆ ಬಂತು. ಔದೆ ಕುರಿಹಟ್ಟಿಯ ಗೋಡೆಗೆ ಒರಗಿ ಎಲ್ಲರಿಗೂ ಕೇಳುವಂತೆ ಓದಿದ.

"ಹೋದ ಸಲ 'ಕಳವಳ'. ಈ ಸಲ 'ತೀವ್ರ ಕಳವಳ'. ಬೆಳವಣಿಗೆ ಇದೆ ಅಣ್ಣ. ನಾವು ಸತ್ತ ದಿನ 'ಅತ್ಯಂತ ತೀವ್ರ' ಆಗುತ್ತೆ."

"ಅವರ ಕಳವಳ ಮೂಟೆಯಲ್ಲಿ ಬರೋ ಹಾಗಿದ್ರೆ ಕುರಿಗೆ ಹಾಕ್ತಿದ್ದೆ," ಎಂದಳು ಹಸ್ನಾ.

"ಅದು ಊರಿಗೆ ಹೇಳೋ ಮಾತು," ಎಂದ ಫ್ರೇಜ್. "ನಮಗೆ ಹೇಳಿದ್ದು ಡೇರೆಯಲ್ಲಿ ಹೇಳಿ ಆಯ್ತು."

ಅವನು ಇನ್ನೂ ಒಂದು ಕೆಲಸ ಮಾಡಿದ. ಒಬ್ಬರ ಮುಖದಲ್ಲಿ ಇರುವವನು ತಾನಾಗಿ ಕೈ ಎತ್ತಬಾರದು. ಎತ್ತಿದರೆ ಕಾಯುವವನ ಮಾತಿಗೇ ಅವಮಾನ. ಆದ್ದರಿಂದ ದಿಬ್ಬದವರು ಬಂದರೆ ಎದುರು ನಿಲ್ಲಿ, ಮಾತಾಡಿ, ಗಿದೋನ್ ಫೋಟೊ ತೆಗೆಯಲಿ. ಆದರೆ ಯಾರ ಕೈಯಲ್ಲೂ ಕೋಲು ಇರಬಾರದು ಎಂದು ಕಟ್ಟು ಮಾಡಿದ. ಕುರಿ ಕಾಯುವವರ ದೊಣ್ಣೆಗಳನ್ನೆಲ್ಲ ತನ್ನ ಡೇರೆಯ ಮೂಲೆಗೆ ತಂದು ಒಟ್ಟಿಸಿದ.

"ದೊಣ್ಣೆ ಇಲ್ಲದೆ ಕುರಿ ಹೇಗೆ ತಿರುಗಿಸ್ಲಿ, ಹಾಡು ಹೇಳ್ಲಾ?" ಎಂದ ಔದೆ.

"ಹೇಳು. ನಿನ್ನ ಹಾಡು ಕೇಳಿ ದಿಬ್ಬದವರೂ ಓಡಿಹೋಗ್ಲಿ."

ಕುರಿ ಮರಿ ಹಾಕುವ ಕಾಲದಲ್ಲಿ, ಒಂದು ಶನಿವಾರ ಬೆಳಿಗ್ಗೆ, ದಿಬ್ಬದವರು ತಮ್ಮ ಹಿಂಡನ್ನು ನೇರ ಮನೆಗಳ ನಡುವೆ ನುಗ್ಗಿಸಿದರು. ಕೂಡಿಟ್ಟ ಮೇವಿಗೆ ಬಾಯಿ ಹಾಕಿಸಿದರು. ಜೊತೆಗೆ ಕಬ್ಬಿಣದ ಸಲಾಕೆ ಹಿಡಿದವರು. ಒಬ್ಬನ ಹೆಗಲಲ್ಲಿ ಬಂದೂಕು. ಔದೆ ಬರಿಗೈಯಲ್ಲಿ ಮೇವಿನ ಮುಂದೆ ಹೋಗಿ ನಿಂತ. ಎರಡೂ ಕೈ ಅಗಲಿಸಿ, ಹುಶ್ ಹುಶ್ ಎಂದು ಕುರಿಗಳನ್ನು ಹಿಂದಕ್ಕೆ ತಳ್ಳುತ್ತಿದ್ದ. ಸಲಾಕೆ ತಲೆಯ ಎಡಭಾಗಕ್ಕೆ ಬಿತ್ತು. ಬಿದ್ದವನ ಮೇಲೂ ಬಿತ್ತು. ಅಡ್ಡ ಹೋದ ಗಿದೋನನ ಮೊಣಕೈ ಮುರಿಯಿತು.

ಫ್ರೇಜ್ ಓಡಿ ಬರುವ ಹೊತ್ತಿಗೆ ತಮ್ಮನ ಕಿವಿಯಿಂದ ರಕ್ತ ಹರಿಯುತ್ತಿತ್ತು. ದೊಣ್ಣೆಗಳು ಡೇರೆಯ ಮೂಲೆಯಲ್ಲಿದ್ದವು. ಅವನು ಅವುಗಳ ಕಡೆ ಹೋಗಲಿಲ್ಲ. ಆ ಹೊತ್ತಿನಲ್ಲೂ, ರಕ್ತ ಕಣ್ಣೆದುರು ಹರಿಯುತ್ತಿರುವಾಗಲೂ, ಕೊಟ್ಟ ಮಾತು ಕೆಡಬಾರದೆಂದು ನಿಂತುಕೊಂಡ. ಇದನ್ನು ನೆನೆದರೆ ಈಗಲೂ ಸಿದ್ರೆಯವರಿಗೆ ಮೈ ಉರಿಯುತ್ತದೆ. ಯಾರ ಮೇಲೆ ಎಂದು ಕೇಳಿದರೆ ಮಾತ್ರ ಹೇಳುವುದಿಲ್ಲ.

ಸೈನಿಕರು ಬಂದರು. ಗಿದೋನ್‌ನನ್ನೇ ಹಿಡಿದುಕೊಂಡು ಹೋದರು. ದಿಬ್ಬದವರನ್ನು ಮೇಲಕ್ಕೆ ಹೋಗಿ ಎಂದರು. ಅವರು ಕುರಿ ಹೊಟ್ಟೆ ತುಂಬಿದ ಮೇಲೆ ಹೋದರು. ಆಂಬುಲೆನ್ಸ್ ಕೆಳಗೆ ಸೈನಿಕರ ಗೇಟಿನಲ್ಲಿ ನಿಂತೇ ಇತ್ತು. ಅದನ್ನು ಬಿಡುವವರೆಗೆ ಹಸ್ನಾ ಮೈದುನನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಮಾತಾಡೋ, ನಿದ್ದೆ ಮಾಡ್ಬೇಡ, ಏನಾದ್ರೂ ಕುಹಕ ಆಡೋ ಎನ್ನುತ್ತಿದ್ದಳು.

ಔದೆ ಬದುಕಿದ. ಮಾತು ಬರಲಿಲ್ಲ. ಎಲ್ಲರನ್ನೂ ಗುರುತಿಸುತ್ತಾನೆ, ಬಾಯಿ ತೆರೆಯುತ್ತಾನೆ, ಮಾತು ನಾಲಿಗೆಯವರೆಗೆ ಬಂದು ಅಲ್ಲೇ ಕುಸಿಯುತ್ತದೆ. ಡಾಕ್ಟರು, ನೋಡೋಣ ಎಂದರು. ಅವರ ನೋಡೋಣದಲ್ಲಿ ಏನೂ ಇರಲಿಲ್ಲ.

ಆಸ್ಪತ್ರೆಯ ಮೆಟ್ಟಿಲ ಮೇಲಿಂದ ಫ್ರೇಜ್ ಲುಬ್ನಾಳಿಗೆ ಫೋನ್ ಮಾಡಿದ. ದೂರು ಹೇಳಲು ಅಲ್ಲ.

"ರಾಯಭಾರಿಗೆ ತಿಳಿಸು ಮಗಳೇ. ಅವರ ಮುಖ ಕೊಯ್ದಿದ್ದಾರೆ. ಬೇರೆಯವರ ಬಾಯಿಂದ ಕೇಳಿದ್ರೆ ಅವರಿಗೆ ನಾಚಿಕೆ ಆಗುತ್ತೆ, ಅದಕ್ಕೇ ನಾನೇ ಹೇಳ್ತಿದ್ದೀನಿ. ಏನು ಮಾಡ್ತಾರೆ ಅಂತ ಅವರನ್ನೇ ಕೇಳು. ನಾನು ಕಾಯ್ತೀನಿ."

ಲುಬ್ನಾ ಆಸ್ಪತ್ರೆ ಯಾವುದೆಂದು ಕೇಳಿಕೊಂಡಳು. ಮಾರನೆಯ ದಿನ ತಾನೇ ಬಂದಳು. ಕಿತ್ತಳೆಹಣ್ಣಿನ ಚೀಲವನ್ನು ಔದೆಯ ಹಾಸಿಗೆಯ ಕೆಳಗಿಟ್ಟು, ಫ್ರೇಜ್‌ನನ್ನು ಹೊರಗೆ ಕರೆದಳು.

"ಚಿಕ್ಕಪ್ಪ, ಅವರಿಗೆ ಗೊತ್ತಿರಲಿಲ್ಲ."

"ಏನು?"

"ನಿಮ್ಮ ಕಾಫಿ ಆರಿ ಹೋಗ್ತಿದೆ, ಕುಡೀಲಿ ಪಾಪ ಅಂದ್ರು. ಅಷ್ಟೇ ಅಂದಿದ್ದು."

ಫ್ರೇಜ್ ಅವಳನ್ನು ನೋಡಿದ. "ನಿನಗೆ ಗೊತ್ತಿತ್ತಲ್ಲ. ನಿನ್ನನ್ನ ಕೇಳೋಕೆ ಬಂದಾಗಲೂ ಯಾರೋ ಬಟ್ಟಲು ಇಟ್ಟಿರ್ತಾರಲ್ಲ."

"ಗೊತ್ತಿತ್ತು."

"ಮತ್ತೆ?"

"ನಾನು ಅವರು ಹೇಳಿದ್ದನ್ನ ಹಾಗೇ ಹೇಳೋಳು. ನನ್ನ ಕೆಲಸ ಅದು. ಬೇರೆ ಏನಾದ್ರೂ ಸೇರಿಸಿದ್ರೆ ತಪ್ಪು." ಅವಳು ಕಣ್ಣೊರೆಸಿಕೊಂಡಳು. "ಸುಳ್ಳು. ನೀವೆಲ್ಲ ನನ್ನ ಬಾಯಿ ನೋಡ್ತಾ ಕೂತಿದ್ರಿ ಚಿಕ್ಕಪ್ಪ. ಇಲ್ಲ ಅನ್ನೋಕೆ ಬಾಯಿ ಬರಲಿಲ್ಲ. ಹೇಳಿಬಿಟ್ರೆ ಎಲ್ಲಾದ್ರೂ ನಿಜ ಆಗಬಹುದು ಅಂತಲೂ ಅನ್ನಿಸ್ತು."

ಅವನಿಗೆ ಕೋಪ ಬರಬೇಕಿತ್ತು. ಕುರಿ ದಾರಿ ತಪ್ಪಿದರೆ ಕಲ್ಲು ಬೀಸುವವನು, ಬಾಡಿಗೆ ಗಾಡಿಯವನು ತಡ ಮಾಡಿದರೆ ಕೊರಳಪಟ್ಟಿ ಹಿಡಿಯುವವನು. ಈಗ ಅದು ಎಲ್ಲಿಂದಲೂ ಎದ್ದು ಬರಲಿಲ್ಲ. ಮೆಟ್ಟಿಲ ಮೇಲೆ ಕುಳಿತ.

"ಈಗ ಹೇಳಿದ್ಯಾ ಅವರಿಗೆ?"

"ಹೇಳಿದೆ. ತುಂಬ ನೊಂದುಕೊಂಡ್ರು. ಊಟ ಬಿಟ್ಟು ಎದ್ದು ಹೋದ್ರು. ಅವರಿಗೆ ಬೇರೆ ದೇಶಕ್ಕೆ ವರ್ಗ ಆಗಿದೆ ಚಿಕ್ಕಪ್ಪ. ಹೋಗೋ ಮುಂಚೆ ನಿಮ್ಮನ್ನ ನೋಡ್ಬೇಕಂತೆ."

"ಬರಲಿ," ಎಂದ ಫ್ರೇಜ್. "ನಾವಿರ್ತೀವೋ ಇಲ್ವೋ."

ಹಮ್ಮಾದನ ಜಾಗದಲ್ಲಿ ಆಗಲೇ ಬೇರೊಂದು ಕಣಿವೆಯಿಂದ ಓಡಿ ಬಂದವರು ಡೇರೆ ಹಾಕಿದ್ದರು. ಅವರನ್ನು ಏಳಿಸುವ ಹಾಗಿರಲಿಲ್ಲ. ಸಿಕ್ಕಿದ್ದು ಕಲ್ಲುಗಣಿಯ ಹಿಂದೆ ಒಂದು ಬರಡು, ನೀರಿಲ್ಲದ್ದು, ಹಗಲೆಲ್ಲ ಬಿಳಿ ದೂಳು ಬೀಳುವಂಥದ್ದು. ಅಲ್ಲಿ ಕುರಿ ಸಾಕುವುದಾಗದೆಂದು ಅರ್ಧ ಹಿಂಡು ಮಾರಿದರು. ದಾಯಾದಿಗಳು ಒಬ್ಬೊಬ್ಬರಾಗಿ ತಗಡು ಬಿಚ್ಚತೊಡಗಿದರು. ಯಾರೂ ಫ್ರೇಜ್‌ನನ್ನು ಒಂದು ಮಾತು ಅನ್ನಲಿಲ್ಲ. ಅಂದಿದ್ದರೆ ಒಳ್ಳೆಯದಿತ್ತು. ಸಂಜೆ ಅವನ ಡೇರೆಗೆ ಕಾಫಿಗೆ ಬರುವುದನ್ನು ಮಾತ್ರ ನಿಲ್ಲಿಸಿದರು.

"ಒಬ್ಬನಾದ್ರೂ ಬೈಯಲಿಲ್ಲ," ಎಂದ ಅವನು ಹೆಂಡತಿಗೆ.

"ಬೈಯೋನು ಆಸ್ಪತ್ರೆಲಿ ಮಲಗಿದ್ದಾನೆ," ಎಂದಳು ಹಸ್ನಾ.

ತಗಡುಗಳನ್ನೆಲ್ಲ ಲಾರಿಗೆ ಏರಿಸುತ್ತಿದ್ದ ದಿನ ಬಿಳಿ ಕಾರುಗಳು ಬಂದವು. ಕಣಿವೆ ಖಾಲಿಯಾಗುವುದನ್ನು ನೋಡಿ ದಾಖಲು ಮಾಡಿಕೊಳ್ಳಬೇಕಂತೆ. ಕ್ಯಾಮೆರಾದವರು ಇಳಿದರು. ರಾಯಭಾರಿ ನೇರ ಫ್ರೇಜ್‌ನ ಹತ್ತಿರ ಬಂದ, ಟೋಪಿ ತೆಗೆದ. ಲುಬ್ನಾ ಇಬ್ಬರ ನಡುವೆ ನಿಂತಳು.

"ನನಗೆ ಗೊತ್ತಿರಲಿಲ್ಲ ಅಂತಿದ್ದಾರೆ. ಗೊತ್ತಿಲ್ಲದೆ ಆಡಿದ ಮಾತಾದ್ರೂ ಮಾತೇ ಅಂತ ನನಗೆ ಈಗ ತಿಳೀತು ಅಂತಿದ್ದಾರೆ. ನಿಮ್ಮ ರೀತಿಯಲ್ಲಿ ಇದಕ್ಕೆ ಏನಾದ್ರೂ ದಾರಿ ಇದೆಯಾ ಅಂತ ಕೇಳ್ತಿದ್ದಾರೆ."

ಫ್ರೇಜ್ ಕೈಯಲ್ಲಿದ್ದ ಹಗ್ಗವನ್ನು ಬಿಟ್ಟ. ಇದನ್ನು ಅವನು ನಿರೀಕ್ಷಿಸಿರಲಿಲ್ಲ. ದಾರಿ ಕೇಳಿದವನಿಗೆ ದಾರಿ ಹೇಳದೆ ಇರುವುದು ಅವನಿಂದ ಆಗದ ಕೆಲಸ.

"ಇದೆ," ಎಂದ. "ಮುಖ ಕೊಯ್ಯಿಸಿಕೊಂಡವನು ತನ್ನ ಕುಲದವರನ್ನೆಲ್ಲ ಕರ್ಕೊಂಡು ಕೊಯ್ದವನ ಬಾಗಿಲಿಗೆ ಹೋಗ್ತಾನೆ. ನ್ಯಾಯ ಸಿಗೋವರೆಗೂ ಅವರ ಅನ್ನ ಮುಟ್ಟಲ್ಲ, ಅವರ ಜೊತೆ ವ್ಯಾಪಾರ ಮಾಡಲ್ಲ, ಹೆಣ್ಣು ಕೊಡಲ್ಲ, ತರಲ್ಲ. ಇವರ ಕುಲ ದೊಡ್ಡದು. ಅಷ್ಟು ದೇಶಗಳು. ಎಲ್ಲರನ್ನೂ ಕರ್ಕೊಂಡು ಹೋಗಿ ಆ ದಿಬ್ಬದ ಮುಂದೆ ಕೂರಲಿ. ಅವರನ್ನ ಅಲ್ಲಿ ಕೂರಿಸಿದವರ ಬಾಗಿಲ ಮುಂದೆನೂ ಕೂರಲಿ. ನಾನು ಲಾರಿ ಖಾಲಿ ಮಾಡಿಸ್ತೀನಿ. ನಾನೂ ಬಂದು ಹಿಂದೆ ಕೂರ್ತೀನಿ."

ಲುಬ್ನಾ ಒಂದು ಮಾತೂ ಬಿಡದೆ ಹೇಳಿದಳು. ರಾಯಭಾರಿ ಕೇಳಿದ. ದಿಬ್ಬದ ಕಡೆ ನೋಡಿದ. ಅಲ್ಲಿಯ ಬಾವುಟದ ಪಕ್ಕ ಇಬ್ಬರು ನಿಂತು ಕೆಳಗೆ ನೋಡುತ್ತಿದ್ದರು. ಆಮೇಲೆ ಮೆಲ್ಲಗೆ ಏನೋ ಹೇಳಿದ.

"ನನಗೆ ಆ ಅಧಿಕಾರ ಇಲ್ಲ ಅಂತಿದ್ದಾರೆ," ಎಂದಳು ಲುಬ್ನಾ. "ಅಲ್ಲಿಗೆ ಹತ್ತೋಕೂ ಅನುಮತಿ ಇಲ್ವಂತೆ. ವರದಿಯಲ್ಲಿ ಬರೀತಾರಂತೆ. ನೀವು ಹೇಳಿದ್ದನ್ನೆಲ್ಲ."

ಫ್ರೇಜ್ ತಲೆಯಾಡಿಸಿದ. ರಾಯಭಾರಿಯ ಸುಲಿದ ಮೂಗು, ನೀರು ತುಂಬಿದ ಕಣ್ಣು ನೋಡಿ, ಇವನು ಒಳ್ಳೆಯವನೇ ಎಂದುಕೊಂಡ. ಹಾಗೆ ಅಂದುಕೊಂಡದ್ದರಿಂದ ಎದೆ ಇನ್ನಷ್ಟು ಭಾರವಾಯಿತು. ಕೆಟ್ಟವನಾಗಿದ್ದರೆ ಇನ್ನೊಬ್ಬನನ್ನು ಹುಡುಕಬಹುದಿತ್ತು.

ಲಾರಿಯ ಡ್ರೈವರ್ ಎರಡು ಸಲ ಹಾರನ್ ಹೊಡೆದ. ಹಸ್ನಾ ಆಗಲೇ ಮೇಲೆ ಹತ್ತಿ, ಹಾಸಿಗೆಗಳ ನಡುವೆ ಔದೆಯನ್ನು ಒರಗಿಸಿಕೊಂಡು ಕುಳಿತಿದ್ದಳು. ಕಣಿವೆಯ ದಾರಿ ಕಿರಿದು. ಬಿಳಿ ಕಾರುಗಳು ಅದರ ಬಾಯಿಗೇ ಅಡ್ಡ ನಿಂತಿದ್ದವು.

"ಇನ್ನೇನಾದ್ರೂ ಬೇಕಾ ಅಂತ ಕೇಳ್ತಿದ್ದಾರೆ ಚಿಕ್ಕಪ್ಪ."

"ಕಾರು ತೆಗೀಬೇಕು," ಎಂದ ಫ್ರೇಜ್. "ಲಾರಿ ತಿರುಗಬೇಕು."

ರಾಯಭಾರಿ ಲುಬ್ನಾಳ ಬಾಯಿಂದ ಅದು ಪೂರ್ತಿ ಬರುವವರೆಗೂ ಕಾಯಲಿಲ್ಲ. ತಾನೇ ಓಡಿದ. ಡ್ರೈವರುಗಳಿಗೆ ಕೈಬೀಸಿ ಕೂಗಿದ. ಒಂದರ ಹಿಂದೆ ಒಂದು ಕಾರುಗಳು ಹಿಂದಕ್ಕೆ ಸರಿದು ಜವೆಗೋಧಿಯ ಹೊಲದೊಳಗೆ ಇಳಿದು ನಿಂತವು. ದಾರಿ ಕೂಡಲೇ ತೆರವಾಯಿತು. ಫ್ರೇಜ್ ಲಾರಿಯ ಹಿಂಭಾಗಕ್ಕೆ ಹತ್ತಿ ತಮ್ಮನ ಪಕ್ಕ ಕುಳಿತು, ಹಗ್ಗವನ್ನು ಬಿಗಿದ.